ಬರೀ ಕನ್ನಡ ತಾನೇ?

ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ಒಂದೇ ಲೆಕ್ಕಾಚಾರ. ಗಣಿತಕ್ಕೆ ಯಾರ ಬಳಿ ಟ್ಯೂಷನ್? ವಿಜ್ಞಾನಕ್ಕೆ ಯಾರು? ಇಂಗ್ಲಿಷ್ ಮಾತನಾಡಲು ಯಾವ ತರಗತಿ? ಕನ್ನಡದ ಗತಿಯೇನು ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿದೆ: 'ಅಯ್ಯೋ, ಬರೀ ಕನ್ನಡ ತಾನೇ!' ಪ್ರಿಯ ಓದುಗರೇ, ಈ 'ಬರೀ' ಎಂಬ ಎರಡಕ್ಷರದ ಕುರಿತು ನಿಮ್ಮೊಡನೆ ಸ್ವಲ್ಪ ಖಾರವಾಗಿಯೇ ಮಾತನಾಡಬೇಕಾಗಿದೆ.

ಪ್ರೌಢಶಾಲೆಯ ದಿನಚರಿಯನ್ನು ಗಮನಿಸಿ. ಪರೀಕ್ಷೆ ಸಮೀಪಿಸಿದಂತೆ ಗಣಿತದ ಪಾಠ ಉಳಿದುಹೋದರೆ ಮೊದಲು ಬಲಿಯಾಗುವುದು ಭಾಷಾ ಅವಧಿ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಅಂಕಗಳನ್ನು ಕೊಟ್ಟು ಗೌರವಿಸಿದ ವ್ಯವಸ್ಥೆ ಬಹುಕಾಲದಿಂದ ನಡೆದುಬಂದಿದೆ. ನಾವು ಆ ಗೌರವವನ್ನೂ ವ್ಯಾಪಾರಕ್ಕಿಟ್ಟೆವು. ಯಾವ ಭಾಷೆಯಲ್ಲಿ ಸುಲಭವಾಗಿ ಅಂಕ ಸುರಿಯುತ್ತದೆಂದು ವಿಚಾರಿಸಿ, ಅದನ್ನೇ ಮಕ್ಕಳಿಗೆ ಪ್ರಥಮ ಭಾಷೆಯಾಗಿಸಿದೆವು. ಸಂಸ್ಕೃತವನ್ನಾಗಲಿ ಫ್ರೆಂಚನ್ನಾಗಲಿ ಪ್ರೀತಿಯಿಂದ ಕಲಿಯುವವರಿಗೆ ನನ್ನ ನಮಸ್ಕಾರ. ಆದರೆ ಫಲಿತಾಂಶ ಬಂದ ಮರುದಿನವೇ ಮರೆಯಲೆಂದು ಕಲಿಯುವ ಭಾಷೆ ಯಾವುದಾದರೂ, ಅದು ಆ ಭಾಷೆಗೂ ಮಗುವಿಗೂ ಮಾಡುವ ಅವಮಾನ.

'ಗಣಿತ ಬಂದರೆ ಸಾಕು, ಭಾಷೆಯಿಂದೇನು?' ಎನ್ನುವ ತಂದೆತಾಯಿಯರು ಈ ಸಣ್ಣ ಲೆಕ್ಕವನ್ನು ನೋಡಬೇಕು. ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟಿದೆ. 12 ವರ್ಷಗಳ ನಂತರ ಅದು ಎರಡರಷ್ಟಾಗುತ್ತದೆ. ಈಗ ಅವರ ವಯಸ್ಸೆಷ್ಟು? ಅನೇಕ ಮಕ್ಕಳು ತಂದೆಯ ವಯಸ್ಸಿಗೆ ಮಾತ್ರ 12 ಕೂಡಿಸಿ, ಹುಟ್ಟದ ಮಗನ ಋಣ ವಯಸ್ಸನ್ನು ಉತ್ತರವಾಗಿ ಬರೆಯುತ್ತಾರೆ. ಕಾಲ ಇಬ್ಬರಿಗೂ ಸರಿಯುತ್ತದೆಂಬುದು ಆ ವಾಕ್ಯದೊಳಗೇ ಇದೆ. ಅದನ್ನು ಓದಿ ಗ್ರಹಿಸಿದವರಿಗೆ 36 ಮತ್ತು 12 ಎಂಬ ಉತ್ತರ ತಾನಾಗಿ ಒದಗುತ್ತದೆ. ಕೂಡುವ ಕಳೆಯುವ ವಿದ್ಯೆ ಆ ಮಕ್ಕಳಿಗೆ ಬರುತ್ತದೆ, ಬಾರದಿರುವುದು ಓದು. ಇದಕ್ಕೆ ಗಣಿತದ ಟ್ಯೂಷನ್ ಎಷ್ಟು ಕೊಡಿಸಿದರೂ ಫಲವೇನು?

ಹಿರಿಯ ಓದುಗರಲ್ಲಿ ಶೀಘ್ರಲಿಪಿ ಕಲಿತವರು ಅನೇಕರಿರಬಹುದು. ಬೆರಳಚ್ಚು, ಶೀಘ್ರಲಿಪಿಗಳ ಪ್ರಮಾಣಪತ್ರ ಹಿಡಿದು ಕರಾವಳಿಯಿಂದ ಮುಂಬಯಿಗೆ ಹೋಗಿ ಮನೆಯನ್ನು ಎತ್ತಿ ನಿಲ್ಲಿಸಿದವರನ್ನು ನಮ್ಮ ಕುಟುಂಬಗಳು ಮರೆತಿಲ್ಲ. 1837ರಲ್ಲಿ ಐಸಾಕ್ ಪಿಟ್‌ಮನ್ ಪ್ರಕಟಿಸಿದ ಆ ಪದ್ಧತಿಯಲ್ಲಿ ಕಿವಿಗೆ ಬಿದ್ದ ಧ್ವನಿಯನ್ನೇ ಗೆರೆಯಾಗಿಸುತ್ತಾರೆ. ವೇಗ ಬೇಕಾದಾಗ ಸ್ವರಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಾರೆ. ಕನ್ನಡದ ಉದಾಹರಣೆಯನ್ನೇ ಕೊಡುವುದಾದರೆ, ಕ ಮತ್ತು ಲ ಎಂಬ ಎರಡು ವ್ಯಂಜನಗಳಷ್ಟೇ ಉಳಿದಾಗ ಅದು ಕಾಲೋ, ಕೋಲೋ, ಕೂಲಿಯೋ? ವಾಕ್ಯದ ಅರ್ಥ ತಿಳಿದವರು ಮಾತ್ರ ಹೇಳಬಲ್ಲರು. ಭಾಷೆ ಬಾರದವನಿಗೆ ತಾನು ಬರೆದದ್ದೇ ತನಗೆ ಒಗಟಾಗುತ್ತದೆ. ಕೈಯ ಚುರುಕಿಗೂ ಭಾಷೆಯೇ ಬೆನ್ನೆಲುಬು ಎಂಬುದನ್ನು ಆ ವಿದ್ಯೆ ಕಲಿತವರು ಚೆನ್ನಾಗಿ ಬಲ್ಲರು.

'ಇಂಗ್ಲಿಷ್ ಅನ್ನ ಕೊಡುತ್ತದೆ' ಎನ್ನುತ್ತೀರಿ. ನಿಜ, ಅದನ್ನು ಅಲ್ಲಗಳೆಯುವವರು ಯಾರು? ಕೂಲಿನಾಲಿ ಮಾಡಿ ಮಗಳ ಶುಲ್ಕ ಕಟ್ಟುವ ತಾಯಿಗೆ ಇಂಗ್ಲಿಷ್ ಬೇಡವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ನನ್ನ ಪ್ರಶ್ನೆ ಬೇರೆ. ನಮ್ಮ ಮಕ್ಕಳು ಇಂಗ್ಲಿಷನ್ನಾದರೂ ಕಲಿಯುತ್ತಿದ್ದಾರೆಯೇ? ಗೈಡು ನೋಡಿ ಪ್ರಬಂಧ ಉರುಹೊಡೆಯುತ್ತಾರೆ. ರಜಾ ಅರ್ಜಿಯಲ್ಲಿ ಇಡೀ ತರಗತಿಗೆ ಒಂದೇ ದಿನ ಒಂದೇ ಜ್ವರ! ಮನೆಯ ಮಾತಿನಲ್ಲಿ ಸ್ವಂತದ ನಾಲ್ಕು ವಾಕ್ಯ ಬರೆಯಲಾರದವನಿಗೆ ಪರಭಾಷೆಯಲ್ಲಿ ಸ್ವಂತದ ಮಾತು ಎಲ್ಲಿಂದ ಹುಟ್ಟೀತು?

ಇದು ಶಾಲೆಗಷ್ಟೇ ಸೇರಿದ ವಿಷಯವೆಂದು ತಿಳಿಯಬೇಡಿ. ಬಲಿಪೂಜೆಯಲ್ಲಿ ವಾಚನ ಓದಲು ಬರುವ ಕೆಲವು ಮಕ್ಕಳ ಕೈಯಲ್ಲಿ ಈಗ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಕನ್ನಡದ ಚೀಟಿ ಇರುತ್ತದೆ. ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆ, 1963ರಲ್ಲಿ. ಧರ್ಮಸಭೆಯೇ ನಮ್ಮ ನುಡಿಯತ್ತ ನಡೆದು ಬಂತು. ನಾವು ಆ ಬಾಗಿಲಿನಿಂದ ಹೊರನಡೆಯುತ್ತಿದ್ದೇವೆ. 'ನಮ್ಮ ಮನೆಮಾತು ಕೊಂಕಣಿ' ಎಂದು ನುಣುಚಿಕೊಳ್ಳುವಂತೆಯೂ ಇಲ್ಲ. ಕರಾವಳಿಯ ನಮ್ಮ ಜನ ತಲೆಮಾರುಗಳಿಂದ ಕೊಂಕಣಿಯನ್ನು ಬರೆದಿರುವುದು ಕನ್ನಡ ಲಿಪಿಯಲ್ಲೇ. ಈ ಅಕ್ಷರಮಾಲೆ ಕೈಬಿಟ್ಟ ಮಗು, ಅಜ್ಜಿಯ ಪ್ರಾರ್ಥನಾ ಪುಸ್ತಕವನ್ನೂ ಕೈಬಿಡುತ್ತದೆ.

ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದರು. ಫರ್ಡಿನಾಂಡ್ ಕಿಟೆಲ್ ವರ್ಷಗಟ್ಟಲೆ ಶ್ರಮಿಸಿದ ನಿಘಂಟು 1894ರಲ್ಲಿ ಪ್ರಕಟವಾಯಿತು. ಪರದೇಶದ ಆ ಮಿಷನರಿಗಳಿಗೆ ಇದು 'ಬರೀ ಕನ್ನಡ' ಆಗಿರಲಿಲ್ಲ. ಇಲ್ಲಿಯೇ ಹುಟ್ಟಿದ ನಮಗೇಕೆ ಹೀಗಾಯಿತು?

ಶಾಲೆಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ 2015ರಲ್ಲಿಯೇ ಬಂದಿದೆ. ಆದರೆ ಕಾಯಿದೆ ಮಗುವನ್ನು ಬೆಂಚಿನ ಮೇಲೆ ಕೂರಿಸಬಲ್ಲದೇ ಹೊರತು ಪ್ರೀತಿಯನ್ನು ಕಲಿಸಲಾರದು. ಅದು ನಮ್ಮ ಕೆಲಸ. ನಮ್ಮ ಸಂಸ್ಥೆಗಳನ್ನು ನಡೆಸುವ ಗುರುಗಳೇ, ಭಗಿನಿಯರೇ, ಭಾಷೆಯ ಅವಧಿಯನ್ನು ಬೇರೆ ವಿಷಯಕ್ಕೆ ಎರವಲು ಕೊಡಬೇಡಿ. ತಂದೆತಾಯಿಯರೇ, ಪ್ರತಿ ಸಂಜೆ ಜಪಸರದ ನಂತರ ಮಗು ಶುಭಸಂದೇಶದ ಹತ್ತು ಸಾಲುಗಳನ್ನು ಕನ್ನಡ ಅಕ್ಷರದಲ್ಲಿಯೇ ಗಟ್ಟಿಯಾಗಿ ಓದಲಿ. ತಪ್ಪಿದರೆ ನಗದೆ ತಿದ್ದಿ. ಊರಿನ ಅಜ್ಜ ಅಜ್ಜಿಗೆ ತಿಂಗಳಿಗೊಂದು ಕಾಗದವನ್ನು, ಯಾವ ಗೈಡಿನ ನೆರವೂ ಇಲ್ಲದೆ, ತಾನೇ ಬರೆಯಲಿ.

ಪಂಚಾಶತ್ತಮದ ದಿನ ಪವಿತ್ರಾತ್ಮರು ಇಳಿದುಬಂದಾಗ ಜೆರುಸಲೇಮಿನಲ್ಲಿ ನೆರೆದಿದ್ದ ಪ್ರತಿಯೊಬ್ಬರಿಗೂ ಪ್ರೇಷಿತರ ಮಾತು ಅವರವರ ಸ್ವಂತ ಭಾಷೆಯಲ್ಲಿ ಕೇಳಿಸಿತು. ದೇವರು ಯಾರ ಭಾಷೆಯನ್ನೂ 'ಬರೀ' ಎನ್ನಲಿಲ್ಲ. ನಾವೂ ಆ ಮಾತನ್ನು ಮನೆಯಿಂದ ಹೊರಹಾಕೋಣ.