ಮಾತಿಲ್ಲದೆ ನಗಿಸಿದ ಸಿಂಗೀತಂ

ಮಕ್ಕಳೇ, ನಗಿಸುವುದಕ್ಕೆ ಮಾತು ಬೇಕೇ ಬೇಕೆ? ಬೇಡ ಎಂದು ತೋರಿಸಿಕೊಟ್ಟವರು ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್. 1987ರಲ್ಲಿ ತೆರೆಕಂಡ ಅವರ ‘ಪುಷ್ಪಕ ವಿಮಾನ’ ಎರಡು ಗಂಟೆಯ ಚಿತ್ರ. ಅದರಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ!

ಸಿಂಗೀತಂ ಹುಟ್ಟಿದ್ದು 1931ರಲ್ಲಿ, ಆಂಧ್ರದಲ್ಲಿ. ‘ಮಾಯಾಬಜಾರ್’ ತೆಗೆದ ಕೆ.ವಿ. ರೆಡ್ಡಿಯವರ ಬಳಿ ಸಹಾಯಕರಾಗಿ ಕೆಲಸ ಕಲಿತರು. ಕನ್ನಡಕ್ಕೆ ಬಂದ ಮೇಲೆ ಡಾ. ರಾಜ್‌ಕುಮಾರ್ ಅವರಿಗೆ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಶ್ರಾವಣ ಬಂತು’ ಮುಂತಾದ ಚಿತ್ರಗಳನ್ನು ನಿರ್ದೇಶಿಸಿದರು. ‘ಎರಡು ನಕ್ಷತ್ರಗಳು’ ಚಿತ್ರದಲ್ಲಿ ಪುಟ್ಟ ಪುನೀತ್‌ಗೆ ಎರಡು ಪಾತ್ರ ಕೊಟ್ಟರು. ಶಿವರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಆನಂದ್’ ಕೂಡ ಇವರದೇ. ಸಂಗೀತವೂ ಬಲ್ಲವರು, ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಚಿತ್ರಕ್ಕೆ ರಾಗ ಹಾಕಿದವರು ಅವರೇ.

ಮಾತು ಬಿಟ್ಟರೂ ‘ಪುಷ್ಪಕ’ದಲ್ಲಿ ಅವರು ಸದ್ದು ಬಿಡಲಿಲ್ಲ. ಬೆಂಗಳೂರಿನ ಒಬ್ಬ ನಿರುದ್ಯೋಗಿ ಹುಡುಗ (ಕಮಲಹಾಸನ್) ಕುಡಿದು ಬಿದ್ದ ಶ್ರೀಮಂತನನ್ನು ತನ್ನ ಕೋಣೆಯಲ್ಲಿ ಕೂಡಿಹಾಕಿ, ಅವನ ದೊಡ್ಡ ಹೋಟೆಲಿನ ರೂಮಿಗೆ ಹೋಗಿ ಸೇರಿಕೊಳ್ಳುತ್ತಾನೆ. ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆಯೇ ಬರದು! ತನ್ನ ಕೋಣೆಯ ಪಕ್ಕದ ಟಾಕೀಸಿನ ಗಲಾಟೆ ಕೇಳಿ ಮಲಗಿ ಅಭ್ಯಾಸ. ಆ ಗಲಾಟೆಯನ್ನೇ ಟೇಪ್ ಮಾಡಿ ತಂದು ಹಾಕಿಕೊಂಡು ಮಲಗುತ್ತಾನೆ. ಇನ್ನೊಬ್ಬ ಕೊಲೆಗಾರನಿದ್ದಾನೆ. ಅವನ ಚಾಕು ಮಂಜುಗಡ್ಡೆಯದು. ಅವನ ಪಾಡೇನಾಗುತ್ತದೆ? ನೀವೇ ಊಹಿಸಿ.

ನಗುವಿನ ನಡುವೆ ಚುಚ್ಚುವ ದೃಶ್ಯವೂ ಇದೆ. ಹುಡುಗ ಹೆಮ್ಮೆಯಿಂದ ನಾಣ್ಯ ತೋರಿಸಿದರೆ, ಭಿಕ್ಷುಕ ನೋಟುಗಳನ್ನೇ ತೋರಿಸುತ್ತಾನೆ. ಅದೇ ಭಿಕ್ಷುಕ ಸತ್ತಾಗ ಅಳುವವರು ಒಬ್ಬರೂ ಇಲ್ಲ. ಈ ಚಿತ್ರಕ್ಕೆ ಸದಭಿರುಚಿಯ ಜನಪ್ರಿಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು.

ನಮ್ಮ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟಿನಲ್ಲಿ ಒಂದು ಬೇಸಿಗೆ ರಜೆಗೆ ಬಂಗಾಳಿ ಮನೆಯೊಂದು ಬಂತು. ಅವರ ಹುಡುಗಿಗೆ ಕನ್ನಡ ಬಾರದು, ನಮ್ಮ ಮಕ್ಕಳಿಗೆ ಬಂಗಾಳಿ ಬಾರದು. ಅವಳು ಬಾಲ್ಕನಿಯಲ್ಲಿ ನಿಂತು ಆಟ ನೋಡುವುದಷ್ಟೇ. ಒಂದು ಸಂಜೆ ತಾರಸಿಯ ಮೇಲೆ ಬೆಡ್‌ಶೀಟ್ ಕಟ್ಟಿ ಎಲ್ಲರಿಗೂ ‘ಪುಷ್ಪಕ ವಿಮಾನ’ ಹಾಕಿದೆ. ಟೇಪಿನ ದೃಶ್ಯಕ್ಕೆ ಮೊದಲು ನಕ್ಕವಳು ಅವಳೇ. ಉಳಿದವರು ಅವಳ ನಗು ಕೇಳಿಯೇ ಇನ್ನಷ್ಟು ನಕ್ಕರು. ಮರುದಿನ ಮಕ್ಕಳೆಲ್ಲ ಮಾತಿಲ್ಲದ ಸಿನಿಮಾ ಆಟ ಶುರುಮಾಡಿದರು, ಅವಳೇ ಕೊಲೆಗಾರ! ದಸರೆಯ ಹೊತ್ತಿಗೆ ‘ಬೇಗ ಬಾರೋ’ ಎಂದು ಕೂಗುವಷ್ಟು ಕನ್ನಡ ಕಲಿತಿದ್ದಳು.

ಸಿಂಗೀತಂ ಅಲ್ಲಿಗೇ ನಿಲ್ಲಲಿಲ್ಲ. ಎಪ್ಪತ್ತು ದಾಟಿದ ಮೇಲೂ ಮಕ್ಕಳಿಗೆಂದು ‘ಘಟೋತ್ಕಚ’ ಎಂಬ ಕಾರ್ಟೂನ್ ಚಿತ್ರ ಮಾಡಿದರು.

ಅಪ್ಪ ಅಮ್ಮಂದಿರೇ, ‘ಪುಷ್ಪಕ’ದಲ್ಲಿ ಕುಡಿತ, ಸಾವುಗಳ ದೃಶ್ಯಗಳಿವೆ, ಮಕ್ಕಳ ಜೊತೆ ಕೂತೇ ನೋಡಿ. ಮಕ್ಕಳೇ, ನಿಮಗೊಂದು ಕೆಲಸ: ಈ ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಮನೆಯವರೆಲ್ಲ ಹತ್ತು ನಿಮಿಷ ಮಾತಾಡಬಾರದು. ಸಾರು ಬೇಕಾದವರು ಸನ್ನೆಯಲ್ಲೇ ಕೇಳಬೇಕು. ಮೊದಲು ನಕ್ಕವರು ತಟ್ಟೆ ತೊಳೆಯಬೇಕು!