ಪಾಸ್‌ವರ್ಡ್ ಗಟ್ಟಿ ಇದ್ದರೆ ಆಫೀಸಿನ ಕಂಪ್ಯೂಟರ್ ಸೇಫಾ?

"ಪಾಸ್‌ವರ್ಡ್ ಕಷ್ಟದ್ದಿರಲಿ, ಅಂಕಿ, ಚಿಹ್ನೆ ಎಲ್ಲ ಸೇರಿಸಿ, ಆಗ ಯಾವ ಹ್ಯಾಕರ್‌ಗೂ ಏನೂ ಮಾಡಲಾಗದು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಮನೆಯಿಂದ ಕೆಲಸ ಮಾಡುವವರಿಗೆ ಇದರ ಜೊತೆ "ವಿಪಿಎನ್ ಹಾಕಿಕೊಂಡರೆ ಮುಗೀತು" ಎಂಬ ಸಲಹೆಯೂ ಸಿಗುತ್ತದೆ. ಎರಡೂ ಅರ್ಧ ಸತ್ಯ. ಉಳಿದರ್ಧ ತಿಳಿಯಲು 2021ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ನೋಡಬೇಕು.

ಕಲೋನಿಯಲ್ ಪೈಪ್‌ಲೈನ್ ಎಂಬ ಕಂಪನಿಯ ಸುಮಾರು 8,850 ಕಿ.ಮೀ. ಉದ್ದದ ಕೊಳವೆಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಬೇಕಾದ ಇಂಧನದ ಹೆಚ್ಚುಕಡಿಮೆ 45% ಹರಿಯುತ್ತದೆ. ಮೇ 7ರ ಬೆಳಗಿನ ಜಾವ ಅಲ್ಲಿನ ಕಂಟ್ರೋಲ್ ರೂಮಿನ ಸಿಬ್ಬಂದಿಯೊಬ್ಬರಿಗೆ ಪರದೆಯ ಮೇಲೆ ಹಣ ಕೇಳುವ ಸಂದೇಶ ಕಂಡಿತು. ದಾಳಿ ಇನ್ನೂ ಹರಡಬಹುದೆಂಬ ಭಯದಿಂದ ಕಂಪನಿಯೇ ಕೊಳವೆಗಳನ್ನು ಬಂದ್ ಮಾಡಿತು. ಸುಮಾರು ಐದು ದಿನ ಪೂರೈಕೆ ನಿಂತು ಬಂಕ್‌ಗಳ ಮುಂದೆ ಸಾಲು ಬೆಳೆಯಿತು. ಪ್ಲಾಸ್ಟಿಕ್ ಚೀಲಕ್ಕೆ ಪೆಟ್ರೋಲ್ ತುಂಬಬೇಡಿ ಎಂದು ಅಲ್ಲಿನ ಸರ್ಕಾರಿ ಸಂಸ್ಥೆಯೇ ಎಚ್ಚರಿಸಬೇಕಾಯಿತು! ಕಂಪನಿ 75 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್ ತೆತ್ತಿತು.

ಕಳ್ಳರು ಒಳಗೆ ಬಂದದ್ದು ಹೇಗೆ? ಏನನ್ನೂ ಒಡೆದಲ್ಲ, ಲಾಗಿನ್ ಆಗಿ. ಅದೂ ವಿಪಿಎನ್ ಮೂಲಕವೇ. ಯಾರೂ ಬಳಸದ ಹಳೆಯ ಖಾತೆಯೊಂದನ್ನು ಮುಚ್ಚದೆ ಬಿಟ್ಟಿದ್ದರು. ಅದರ ಪಾಸ್‌ವರ್ಡ್ ಕಷ್ಟದ್ದೇ ಆಗಿತ್ತೆಂದು ಕಂಪನಿಯ ಮುಖ್ಯಸ್ಥ ಜೋಸೆಫ್ ಬ್ಲೌಂಟ್ ಸೆನೆಟ್ ಮುಂದೆ ಹೇಳಿದರು. ಆದರೆ ಅದೇ ಪಾಸ್‌ವರ್ಡ್ ಸೋರಿಕೆಯಾದ ಪಾಸ್‌ವರ್ಡ್‌ಗಳ ಪಟ್ಟಿಯೊಂದರಲ್ಲಿ ಸಿಕ್ಕಿತು. ಬೇರೆ ಯಾವುದೋ ಸೈಟ್‌ನಲ್ಲೂ ಅದನ್ನೇ ಬಳಸಿರಬಹುದು ಎಂಬುದು ತನಿಖೆ ಮಾಡಿದವರ ಊಹೆ. ಒಟಿಪಿಯಂಥ ಎರಡನೇ ಬೀಗವೂ ಆ ಖಾತೆಗೆ ಇರಲಿಲ್ಲ.

ಕಳ್ಳರು ಆ ಖಾತೆಯಿಂದ ಒಳಹೊಕ್ಕದ್ದು ಏಪ್ರಿಲ್ 29ರಂದು. ಕಂಪನಿಗೆ ತಿಳಿದದ್ದು ಎಂಟು ದಿನಗಳ ನಂತರ, ಅದೂ ಕಳ್ಳರೇ ಹೇಳಿದಾಗ.

ಹೆಸರು ಸರಿ, ಪಾಸ್‌ವರ್ಡ್ ಸರಿ ಎಂದಾದರೆ ಕಂಪ್ಯೂಟರ್ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೆ ಹಿಡಿಯಲು ವೈರಸ್ಸೇ ಇರುವುದಿಲ್ಲ, ಹಾಗಾಗಿ ಆಂಟಿವೈರಸ್ ಸುಮ್ಮನಿರುತ್ತದೆ. ಇಲ್ಲಿ ಬೇಕಾಗುವುದು ನಿಗಾ. ಯಾರು, ಯಾವಾಗ, ಎಲ್ಲಿಂದ ಬಂದರು, ಏನು ತೆರೆದರು ಎಂಬ ದಾಖಲೆಗೆ 'ಲಾಗ್' ಎನ್ನುತ್ತಾರೆ. ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರ್ ಇದ್ದ ಹಾಗೆ. ಹತ್ತು ಗಂಟೆಗೆ ಹುಬ್ಬಳ್ಳಿಯಿಂದ ಲಾಗಿನ್ ಆದವರು ಹತ್ತೂಕಾಲಿಗೆ ಯುರೋಪಿನಿಂದ ಲಾಗಿನ್ ಆದರೆ, ತಿಂಗಳುಗಟ್ಟಲೆ ಮಲಗಿದ್ದ ಖಾತೆ ನಡುರಾತ್ರಿ ಎದ್ದರೆ ಗಂಟೆ ಬಾರಿಸಬೇಕು. ರಿಜಿಸ್ಟರ್ ಬರೆದಿಟ್ಟು ಯಾರೂ ಓದದಿದ್ದರೆ ಪ್ರಯೋಜನವಿಲ್ಲ. ಭಾರತದಲ್ಲಿ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು 180 ದಿನಗಳ ಲಾಗ್ ಇಟ್ಟಿರಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು.

"ನಮ್ಮದೆಲ್ಲ ಕ್ಲೌಡ್‌ನಲ್ಲಿದೆ, ಅಮೆಜಾನ್‌ನವರು ನೋಡಿಕೊಳ್ಳುತ್ತಾರೆ" ಎಂಬ ನೆಮ್ಮದಿಯೂ ಪೂರ್ತಿ ಸರಿಯಲ್ಲ. ಕಟ್ಟಡ, ಕರೆಂಟು, ಯಂತ್ರ ಅವರ ಹೊಣೆ. ಕೀಲಿ ಯಾರ ಕೈಗೆ ಕೊಡಬೇಕು, ಕೆಲಸ ಬಿಟ್ಟು ಹೋದವರಿಂದ ಯಾವಾಗ ವಾಪಸ್ ಪಡೆಯಬೇಕು ಎಂಬುದು ಬಾಡಿಗೆಗೆ ಪಡೆದ ಕಂಪನಿಯದೇ ಕೆಲಸ. ಅಂದಹಾಗೆ, ನಿಗಾ ಎಂದರೆ ನೌಕರರ ಮೌಸ್ ಎಷ್ಟು ಹೊತ್ತು ಅಲ್ಲಾಡಿತು ಎಂದು ಅಳೆಯುವುದಲ್ಲ. ಕೆಲವು ಕಂಪನಿಗಳು ಅದನ್ನೂ ಮಾಡುತ್ತವೆ, ಆದರೆ ಕಳ್ಳರನ್ನು ಹಿಡಿಯಲು ಅದು ಉಪಯೋಗಕ್ಕೆ ಬಾರದು.

ಎರಡನೇ ಬೀಗ ಇದ್ದೂ ಮೋಸವಾಗುತ್ತದೆಯೆ? ಆಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಉಬರ್‌ನ ಗುತ್ತಿಗೆ ಕೆಲಸಗಾರರೊಬ್ಬರ ಪಾಸ್‌ವರ್ಡ್ ಕಳ್ಳನ ಕೈ ಸೇರಿತ್ತು. ಆತ ಮೇಲಿಂದ ಮೇಲೆ ಲಾಗಿನ್ ಆಗಲು ಯತ್ನಿಸಿದ, ಪ್ರತಿ ಸಲವೂ ಕೆಲಸಗಾರರಿಗೆ ಒಪ್ಪಿಗೆ ಕೋರಿಕೆ ಹೋಯಿತು. ಕೊನೆಗೆ ಒಂದಕ್ಕೆ ಅವರು ಒಪ್ಪಿಗೆ ಒತ್ತಿಬಿಟ್ಟರು.

ನೀವು ಲಾಗಿನ್ ಮಾಡದೇ ಇದ್ದಾಗ ಆಫೀಸಿನ ಆ್ಯಪ್ "ಇದು ನೀವೇನಾ?" ಎಂದು ಕೇಳಿದರೆ, ನಿಮ್ಮ ಪಾಸ್‌ವರ್ಡ್ ಆಗಲೇ ಯಾರಿಗೋ ಸಿಕ್ಕಿರುವ ಸಾಧ್ಯತೆ ಹೆಚ್ಚು. 'ಇಲ್ಲ' ಒತ್ತಿ, ಪಾಸ್‌ವರ್ಡ್ ಬದಲಿಸಿ, ಐಟಿ ವಿಭಾಗಕ್ಕೆ ಆಗಲೇ ಫೋನ್ ಮಾಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ.