ಹೇಗೂ ಹೋಗುವ ಹಡಗು

ನಮ್ಮ ಸಂಘದ ಸದಸ್ಯರಲ್ಲಿ ಈಚೆಗೆ ಒಂದು ಹೊಸ ಉತ್ಸಾಹ ಮೂಡಿದೆ. ವಾರ್ಷಿಕ ಸಭೆ ಮುಗಿದು, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವರ ಬಾಯಲ್ಲೆಲ್ಲ ಒಂದೇ ಮಾತು: ಬಾರ್ಸಿಲೋನಾದಿಂದ ಮಯಾಮಿಗೆ ಹದಿನಾಲ್ಕು ದಿನಗಳ ಹಡಗು ಪ್ರಯಾಣ, ಅದೂ ಮಾಮೂಲಿ ದರಕ್ಕಿಂತ ಎಷ್ಟೋ ಅಗ್ಗ! ಮುಂದಿನ ವರ್ಷ ಸಂಘದ ವತಿಯಿಂದಲೇ ಒಂದು ತಂಡ ಹೊರಡಲಿ ಎಂಬ ಸೂಚನೆಯೂ ಕಾರ್ಯಕಾರಿ ಸಮಿತಿಯ ಮುಂದೆ ಬಂದಿದೆ. ಸೂಚನೆ ತಂದವರ ಬಗ್ಗೆ ನಮಗೆ ಗೌರವವಿದೆ. ಆದರೆ ಅವರು ಮಾತುಮಾತಿಗೆ ಹೇಳುವ ಒಂದು ವಾಕ್ಯದ ಮೇಲೆ ನಮ್ಮ ತಕರಾರಿದೆ. "ಹಡಗು ಹೇಗೂ ಹೋಗುವುದೇ, ನಾವು ಹತ್ತಿಕೊಂಡರೆ ಯಾರಿಗೇನು ನಷ್ಟ?" ಎಂಬುದೇ ಆ ವಾಕ್ಯ.

ಮೊದಲು ವಿಷಯವೇನೆಂದು ನೋಡೋಣ. ವಿಹಾರದ ಹಡಗುಗಳಿಗೂ ವಲಸೆ ಹಕ್ಕಿಗಳಂತೆ ಋತುಮಾನವಿದೆ. ಬೇಸಗೆಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಸುತ್ತಾಡುವ ಹಡಗು ಅಕ್ಟೋಬರ್-ನವೆಂಬರಿನಲ್ಲಿ ಅಟ್ಲಾಂಟಿಕ್ ದಾಟಿ ಫ್ಲೋರಿಡಾಕ್ಕೆ ಬರುತ್ತದೆ. ಚಳಿಗಾಲವಿಡೀ ಕೆರಿಬಿಯನ್ ದ್ವೀಪಗಳ ನಡುವೆ ದುಡಿದು ಏಪ್ರಿಲ್-ಮೇ ಹೊತ್ತಿಗೆ ಯುರೋಪಿಗೆ ಮರಳುತ್ತದೆ. ಅಲಾಸ್ಕಾದ ಹಡಗುಗಳು ಸೆಪ್ಟೆಂಬರ್ ಮುಗಿಯುತ್ತಲೇ ಹವಾಯಿ, ಮೆಕ್ಸಿಕೋ, ಆಸ್ಟ್ರೇಲಿಯಗಳತ್ತ ಮುಖ ಮಾಡುತ್ತವೆ. ನಮ್ಮ ಕಣ್ಣೆದುರಿನ ಉದಾಹರಣೆಯೇ ಬೇಕೆಂದರೆ, 2021ರಲ್ಲಿ ಮುಂಬಯಿಯಿಂದ ವಿಹಾರ ಆರಂಭಿಸಿದ ಎಂಪ್ರೆಸ್ ಹಡಗು ಇಲ್ಲಿಯ ಮಳೆಗಾಲಕ್ಕೆ ಬೆನ್ನುಮಾಡಿ 2022ರ ಜೂನಿನಲ್ಲಿ ಚೆನ್ನೈಯಿಂದ ಹೊರಡತೊಡಗಿತು. ಹೀಗೆ ನೆಲೆ ಬದಲಿಸುವ ಯಾನ ಒಮ್ಮುಖದ್ದು. ನಡುವೆ ಬಂದರುಗಳು ಕಡಿಮೆ, ಬರಿಯ ನೀರೇ ಹೆಚ್ಚು. ಗಿರಾಕಿಗಳು ಕಡಿಮೆಯಾದ್ದರಿಂದ ದರವೂ ಕಡಿಮೆ. ಪುಣೆಯಲ್ಲಿ ಗಿರಾಕಿಯನ್ನಿಳಿಸಿದ ಮುಂಬಯಿಯ ಟ್ಯಾಕ್ಸಿಯವನು ಖಾಲಿ ಮರಳುವ ಬದಲು ಸಿಕ್ಕಷ್ಟಕ್ಕೆ ಜನರನ್ನು ಕೂರಿಸಿಕೊಳ್ಳುತ್ತಾನಲ್ಲ, ಅದೇ ನ್ಯಾಯ.

ಇಲ್ಲಿಯವರೆಗೆ ನಮ್ಮ ಒಪ್ಪಿಗೆಯಿದೆ. ಆದರೆ ಪುಣೆಯ ಟ್ಯಾಕ್ಸಿ ನಮ್ಮನ್ನು ಮನೆಗೆ ತಂದು ಬಿಡುತ್ತದೆ; ಈ ಹಡಗು ಮನೆಯಿಂದ ಮತ್ತಷ್ಟು ದೂರ ಒಯ್ದು ಇಳಿಸುತ್ತದೆ. ಬಾರ್ಸಿಲೋನಾಕ್ಕೆ ಒಂದು ವಿಮಾನ, ಮಯಾಮಿಯಿಂದ ಇನ್ನೊಂದು. ಭಾರತದ ಪಾಸ್‌ಪೋರ್ಟಿನವರಿಗೆ ಶೆಂಗೆನ್ ವೀಸಾ ಬೇಕು, ಅಮೆರಿಕದ ವೀಸಾ ಬೇಕು. ವಯಸ್ಸಾದವರಿಗೆ ವಿಮೆ ಬೇಕು. ಜಾಹೀರಾತಿನ ದರ ಸಾಮಾನ್ಯವಾಗಿ ಒಂದು ಕೋಣೆಗೆ ಇಬ್ಬರೆಂಬ ಲೆಕ್ಕದ್ದು. ಒಬ್ಬರೇ ಹೋಗುವವರು ಅನೇಕ ಸಲ ಇಬ್ಬರ ದರವನ್ನೇ ತೆರಬೇಕಾಗುತ್ತದೆ. ಮೇಲಾಗಿ, ಬಂದರಿನಲ್ಲಿ ಮುಚ್ಚಿರುವ ಜೂಜಿನ ಕೋಣೆಗಳೂ ಅಂಗಡಿಗಳೂ ನಡುಗಡಲಿನಲ್ಲಿ ಬಾಗಿಲು ತೆರೆಯುತ್ತವೆ. ವಾರಗಟ್ಟಲೆ ನೆಲ ಕಾಣದ ಪ್ರಯಾಣಿಕ ಸಂಜೆಯ ಹೊತ್ತು ಇನ್ನೆಲ್ಲಿ ಹೋದಾನು? ಟಿಕೇಟಿನಲ್ಲಿ ಬಿಟ್ಟದ್ದನ್ನು ಅಲ್ಲಿ ಹಿಡಿದುಕೊಳ್ಳುವಷ್ಟು ವ್ಯಾಪಾರಬುದ್ಧಿ ಹಡಗಿನ ಮಾಲೀಕರಿಗಿದೆ.

ಇದು ದುಡ್ಡಿನ ಮಾತು. ಇದ್ದವರು ಖರ್ಚು ಮಾಡಲಿ, ನಮಗೇನೂ ಹೊಟ್ಟೆಯುರಿಯಿಲ್ಲ. ನಾವು ಹೇಳಹೊರಟದ್ದು ಬೇರೆ.

ಹಡಗು ಹೇಗೂ ಹೋಗುವುದು ನಿಜ, ಆದರೆ ಅದು ತಾನಾಗಿ ಹೋಗುವುದಿಲ್ಲ. ಅದರ ಅಡಿಗೆಮನೆಯಲ್ಲಿ, ಊಟದ ಸಾಲೆಯಲ್ಲಿ, ಬಟ್ಟೆ ಒಗೆಯುವಲ್ಲಿ ದುಡಿಯುವವರಲ್ಲಿ ಫಿಲಿಪೀನ್ಸ್, ಇಂಡೋನೇಶ್ಯಗಳವರ ಜೊತೆಗೆ ನಮ್ಮ ದೇಶದವರೂ ಬಹಳ. ಗೋವೆಯ, ಮಂಗಳೂರು ಕರಾವಳಿಯ ಎಷ್ಟು ಮನೆಗಳಲ್ಲಿ "ಮಗ ಶಿಪ್ಪಿನಲ್ಲಿದ್ದಾನೆ" ಎಂಬ ಮಾತು ಕೇಳಿಲ್ಲ? ಆರು, ಎಂಟು, ಒಂಬತ್ತು ತಿಂಗಳ ಕರಾರು. ನಡುವೆ ತಂಗಿಯ ಮದುವೆಯಾದರೂ ಅಷ್ಟೆ, ಅಜ್ಜ ತೀರಿಕೊಂಡರೂ ಅಷ್ಟೆ.

ಅವರ ದಿನಚರಿ ನಮ್ಮದರ ತಲೆಕೆಳಗು. ಬಂದರು ಬಂದ ದಿನ ಪ್ರಯಾಣಿಕರು ಊರು ನೋಡಲು ಇಳಿಯುತ್ತಾರೆ. ಮಧ್ಯಾಹ್ನದ ಪಂಕ್ತಿ ತೆಳುವಾಗುತ್ತದೆ. ಹುಡುಗನಿಗೆ ಎರಡು ಗಂಟೆ ಬಿಡುವು ಸಿಕ್ಕಿದರೆ ದಡಕ್ಕಿಳಿದು ಮನೆಗೆ ಫೋನು ಮಾಡುತ್ತಾನೆ. ನಡುಗಡಲಿನ ದಿನವಾದರೋ, ಅಷ್ಟೂ ಜನ ಮೂರು ಹೊತ್ತೂ ಹಡಗಿನಲ್ಲೇ, ನಡುವೆ ನಾಲ್ಕು ಸಲ ತಿಂಡಿಗೂ ಅಲ್ಲೇ. ನಮಗೆ "ಸುಮ್ಮನೆ ಕೂತು ಸಮುದ್ರ ನೋಡುವ" ದಿನ ಅವರಿಗೆ ಅತ್ಯಂತ ದುಡಿತದ ದಿನ. ನೆಲೆ ಬದಲಿಸುವ ಯಾನದಲ್ಲಿ ಅಂಥ ದಿನಗಳೇ ಒಂದರ ಹಿಂದೊಂದು ಬರುತ್ತವೆ.

ಗಡಿಯಾರದ ಕಥೆಯನ್ನೂ ಕೇಳಬೇಕು. ಬಾರ್ಸಿಲೋನಾಕ್ಕೂ ಮಯಾಮಿಗೂ ಸಾಮಾನ್ಯವಾಗಿ ಆರು ಗಂಟೆಗಳ ಅಂತರ. ಪಶ್ಚಿಮಕ್ಕೆ ಹೋಗುವಾಗ ಆರು ದಿನಗಳಿಗೆ 25 ಗಂಟೆ. ಒಂದಿಷ್ಟು ಹೆಚ್ಚು ನಿದ್ದೆ ಸಿಕ್ಕೀತು. ವಸಂತದಲ್ಲಿ ಪೂರ್ವಕ್ಕೆ ಮರಳುವಾಗ ಆರು ದಿನಗಳಿಗೆ 23 ಗಂಟೆಯೇ. ಪ್ರಯಾಣಿಕ ಕಳೆದ ಗಂಟೆಯನ್ನು ಮಧ್ಯಾಹ್ನ ಮಲಗಿ ತುಂಬಿಕೊಳ್ಳುತ್ತಾನೆ. ಬಡಿಸುವವನಿಗೆ ಆ ಸೌಲಭ್ಯವಿಲ್ಲ. ಬೆಳಗಿನ ಉಪಾಹಾರ ಹೊಸ ಗಡಿಯಾರದ ಏಳಕ್ಕೇ ಸಿದ್ಧವಿರಬೇಕು.

ಕಾನೂನು ಇಲ್ಲವೇ ಎಂದರೆ, ಇದೆ. 2006ರಲ್ಲಿ ರೂಪುಗೊಂಡು 2013ರಲ್ಲಿ ಜಾರಿಗೆ ಬಂದ, ಭಾರತವೂ 2015ರಲ್ಲಿ ಒಪ್ಪಿದ ನಾವಿಕ ಕಾರ್ಮಿಕರ ಅಂತರರಾಷ್ಟ್ರೀಯ ಒಡಂಬಡಿಕೆಯಂತೆ ವಾರಕ್ಕೆ ಕೆಲಸ 72 ಗಂಟೆ ಮೀರಕೂಡದು, ಇಲ್ಲವೇ ವಿಶ್ರಾಂತಿ 77 ಗಂಟೆಗೆ ಕಡಿಮೆಯಾಗಕೂಡದು. ಎರಡರಲ್ಲೊಂದನ್ನು ಆಯ್ದುಕೊಳ್ಳುವುದು ಹಡಗು ನೋಂದಣಿಯಾದ ದೇಶಕ್ಕೆ ಬಿಟ್ಟದ್ದು. ವಾರಕ್ಕಿರುವುದು 168 ಗಂಟೆ. 77 ಕಳೆದರೆ ಉಳಿದದ್ದು 91. ಅಷ್ಟು ದುಡಿಸಿದರೂ ಆ ನಿಯಮ ಮುರಿದಂತಾಗದು! ಇಂಥ ಹಡಗುಗಳಲ್ಲಿ ಬಹಳಷ್ಟು ಬಹಾಮಾಸ್, ಪನಾಮಾ, ಬರ್ಮುಡಾಗಳ ಬಾವುಟ ಏಕೆ ಹಾರುತ್ತದೆಂಬುದನ್ನು ಓದುಗರು ಯೋಚಿಸಲಿ.

ಈಗ ನಾಚಿಕೆಯ ಮಾತಿಗೆ ಬರೋಣ. ದೊಡ್ಡ ಕಂಪನಿಗಳ ಹಡಗುಗಳಲ್ಲಿ ಟಿಪ್ಸ್ ಎಂದು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಲೆಕ್ಕಕ್ಕೆ ಸೇರಿಸುವುದುಂಟು. ದಂಪತಿಗಳಿಬ್ಬರಿಗೆ ಹದಿನಾಲ್ಕು ದಿನಕ್ಕೆ 450ರಿಂದ 560 ಡಾಲರ್ ಆದೀತು. ಕೆಲವೆಡೆ ಕೌಂಟರಿಗೆ ಹೋಗಿ ಬೇಡವೆಂದರೆ ಅದನ್ನು ತೆಗೆದುಹಾಕುತ್ತಾರೆ. ಹಾಗೆ ತೆಗೆಸಿದ ಸದಸ್ಯರೊಬ್ಬರು ತಮ್ಮ ಜಾಣತನವನ್ನು ಅದೇ ಉಪ್ಪಿಟ್ಟಿನ ಹೊತ್ತಿನಲ್ಲಿ ಸವಿಸ್ತಾರವಾಗಿ ವರ್ಣಿಸಿದರು. ನಕ್ಕವರಲ್ಲಿ ನಾವೂ ಇದ್ದೆವು. ಮಗನನ್ನು ಶಿಪ್ಪಿಗೆ ಕಳಿಸಿದ ತಾಯಿಯೊಬ್ಬರು ಅಲ್ಲೇ ನಿಂತಿದ್ದರು, ಏನೂ ಹೇಳದೆ ತಟ್ಟೆ ಇಟ್ಟು ಹೊರಟುಹೋದರು. ಅದು ನಮ್ಮ ಅರಿವಿಗೆ ಬಂದದ್ದು ಆಮೇಲೆ. ಕಂಪನಿಯೇ ಸರಿಯಾಗಿ ಸಂಬಳ ಕೊಡಬೇಕೆಂದು ವಾದಿಸುವವರಿದ್ದಾರೆ. ಸರಿಯಾದ ವಾದವೇ. ಆದರೆ ಆ ವಾದವನ್ನು ಕಂಪನಿಯ ಮುಂದೆ ಮಾಡಬೇಕು, ಹುಡುಗನ ತಟ್ಟೆಯಿಂದ ಕಿತ್ತುಕೊಂಡಲ್ಲ.

2020ರ ಏಪ್ರಿಲನ್ನು ಮುಂಬಯಿಯವರಾದ ನಾವು ಮರೆತಿದ್ದೇವೆಯೇ? ಕೋವಿಡ್ಡಿನ ದೆಸೆಯಿಂದ ವಿಹಾರಗಳೆಲ್ಲ ನಿಂತಿದ್ದವು. ಏಷ್ಯಾದಲ್ಲಿ ಪ್ರಯಾಣಿಕರನ್ನಿಳಿಸಿ ಪಶ್ಚಿಮಕ್ಕೆ ಹೊರಟ ಮರೆಲ್ಲಾ ಡಿಸ್ಕವರಿ ಎಂಬ ಹಡಗು ನೂರಕ್ಕೂ ಹೆಚ್ಚು ಭಾರತೀಯ ಕೆಲಸಗಾರರೊಡನೆ ಮುಂಬಯಿಯ ಹೊರಗಿನ ನೀರಿನಲ್ಲಿ ಅಪ್ಪಣೆಗಾಗಿ ಕಾದು ನಿಂತಿತ್ತು. ಪ್ರಯಾಣಿಕರು ಆಗಲೇ ಇಳಿದಾಗಿತ್ತು. ಇಳಿಯಲಾಗದೆ ಉಳಿದವರು ನಮ್ಮ ಹುಡುಗರು, ತಮ್ಮ ದೇಶದ ಬಾಗಿಲಲ್ಲೇ. ಹೇಗೂ ಹೋಗುವ ಹಡಗಿನಲ್ಲಿ ಹೇಗೂ ಇರಬೇಕಾದವರು ಯಾರೆಂಬುದು ಅಂದು ಕಂಡಿತು.

ಆದ್ದರಿಂದ ಹೋಗಬೇಡಿ ಎನ್ನುತ್ತೇವೆಯೇ? ಇಲ್ಲ. ಸಮುದ್ರ ದಾಟಬೇಕೆಂಬ ಆಸೆ ನಮಗೂ ಇದೆ. ಸಮಿತಿಯವರಲ್ಲಿ ನಮ್ಮ ವಿನಂತಿ ಮೂರೇ. ಹೆಸರು ಬರೆಸಿಕೊಳ್ಳುವ ಮೊದಲು ವಿಮಾನ, ವೀಸಾ, ವಿಮೆ ಸೇರಿದ ಪೂರ್ತಿ ಲೆಕ್ಕವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸಿರಿ. ಟಿಪ್ಸಿನ ಹಣವನ್ನು ಮೊದಲೇ ಕಟ್ಟಿಸಿಕೊಳ್ಳಿರಿ. ತೆಗೆಸುವವರಿಗೆ ಸಂಘದ ತಂಡದಲ್ಲಿ ಜಾಗ ಬೇಡ. ಹೊರಡುವ ಮೊದಲು ಒಂದು ಸಂಜೆ, ಶಿಪ್ಪಿಗೆ ಹೋಗುವ ಹುಡುಗರನ್ನೂ ಅವರ ಮನೆಯವರನ್ನೂ ಸಂಘಕ್ಕೆ ಕರೆಯಿರಿ. ಕೆಲಸ ಕೊಡಿಸಲು ನಾವಿಕನಿಂದ ಶುಲ್ಕ ಪಡೆಯಕೂಡದೆಂದು ಅದೇ ಒಡಂಬಡಿಕೆಯಲ್ಲಿದೆ. ಇದು ತಿಳಿಯದೆ ಲಕ್ಷಗಟ್ಟಲೆ ಕಳೆದುಕೊಂಡ ಮನೆಗಳು ನಮ್ಮ ನಡುವೆಯೇ ಇವೆ. ಬಲ್ಲವರಿಂದ ಆ ಮಾತು ಅವರ ಕಿವಿಗೆ ಬೀಳಲಿ.

ಅಂದು ತಟ್ಟೆ ಇಟ್ಟು ಹೋದ ಆ ತಾಯಿಗೆ ಮೊದಲ ಆಮಂತ್ರಣ ಹೋಗಲಿ.